ಆಟದ ಸ್ಕಾಲರ್‌ಶಿಪ್ ಮೇಲೆ ಅಮೆರಿಕಕ್ಕೆ ಹೊರಟವಳ ಓದನ್ನು ಯಾರು ನೋಡಿಕೊಳ್ಳುತ್ತಾರೆ?

ಓದುಗರ ಪ್ರಶ್ನೆ: ಮಗಳಿಗೆ ಅಮೆರಿಕದ ಡಿವಿಷನ್ 1 ಕಾಲೇಜೊಂದರಲ್ಲಿ ಟೆನಿಸ್ ಸ್ಕಾಲರ್‌ಶಿಪ್ ಸಿಕ್ಕಿದೆ. "ಓದಿನ ಚಿಂತೆ ಬಿಡಿ, ನಮ್ಮಲ್ಲಿ ಅಕಾಡೆಮಿಕ್ ಸಪೋರ್ಟ್ ಇದೆ" ಅಂತ ಕೋಚ್ ಹೇಳುತ್ತಾರೆ. ಹಾಗೆಂದರೆ ನಿಜಕ್ಕೂ ಏನು? ಅದನ್ನು ನಂಬಿಕೊಂಡು ಕಳಿಸಬಹುದೇ?

ಕಳಿಸಬಹುದು. ಸಪೋರ್ಟ್ ಇರುವುದು ನಿಜ, ಅದು ಕೋಚ್ ತೋರಿಸುವ ಔದಾರ್ಯವೂ ಅಲ್ಲ. ಅಲ್ಲಿನ ಕಾಲೇಜು ಕ್ರೀಡೆಯ ಅತಿ ಮೇಲಿನ ಹಂತವಾದ ಡಿವಿಷನ್ 1ರ ಪ್ರತಿ ಕಾಲೇಜೂ ತನ್ನ ಎಲ್ಲ ಆಟಗಾರರಿಗೂ ಓದಿನ ಸಲಹೆ ಮತ್ತು ಟ್ಯೂಷನ್ ಒದಗಿಸಲೇಬೇಕೆಂದು ಕಾಲೇಜು ಕ್ರೀಡೆಯ ಆಡಳಿತ ಸಂಸ್ಥೆ ಎನ್‌ಸಿಎಎ 1991ರಿಂದ ಕಡ್ಡಾಯ ಮಾಡಿದೆ. ಆದರೆ ಒಂದು ವಿಷಯ ಮೊದಲೇ ಗೊತ್ತಿರಲಿ. ಈ ಸಪೋರ್ಟ್ ವಿಭಾಗದವರ ತಲೆಯ ಮೇಲಿರುವ ಮೊದಲ ಜವಾಬ್ದಾರಿ, ಆಟಗಾರ್ತಿ ಮುಂದಿನ ಪಂದ್ಯಕ್ಕೆ ಅರ್ಹಳಾಗಿ ಉಳಿಯುವಂತೆ ನೋಡಿಕೊಳ್ಳುವುದು. ತನಗೆ ಬೇಕಾದ ಡಿಗ್ರಿಯನ್ನು ಚೆನ್ನಾಗಿ ಮುಗಿಸುವುದು ಬೇರೆಯದೇ ಕೆಲಸ. ಅದಕ್ಕೆ ಬೇಕಾದ ಸಹಾಯವೂ ಅದೇ ಕಟ್ಟಡದಲ್ಲಿ ಸಿಗುತ್ತದೆ, ಆದರೆ ಮಗಳೇ ಕೇಳಿ ಪಡೆಯಬೇಕು.

ಮೊದಲು ಸಮಯದ ಲೆಕ್ಕ ನೋಡಿ. ಸೀಸನ್‌ನಲ್ಲಿ ಅಭ್ಯಾಸಕ್ಕೆ ದಿನಕ್ಕೆ 4 ಗಂಟೆ, ವಾರಕ್ಕೆ 20 ಗಂಟೆ ಮಿತಿ, ವಾರದಲ್ಲಿ ಒಂದು ದಿನ ಬಿಡುವು. ಕಾಗದದ ಮೇಲೆ ಇದು ಹಗುರವಾಗಿ ಕಾಣುತ್ತದೆ. ಆದರೆ ಪಂದ್ಯದ ದಿನ ಎಷ್ಟೇ ಹೊತ್ತು ಆಡಿದರೂ ಲೆಕ್ಕಕ್ಕೆ ಬರೆದುಕೊಳ್ಳುವುದು 3 ಗಂಟೆ ಮಾತ್ರ. ಪ್ರಯಾಣ ಲೆಕ್ಕಕ್ಕಿಲ್ಲ, ಗಾಯದ ಚಿಕಿತ್ಸೆಯೂ ಇಲ್ಲ. ಗುರುವಾರ ಸಂಜೆ ಬಸ್ಸು ಹತ್ತಿದವಳು ಭಾನುವಾರ ರಾತ್ರಿ ಹಾಸ್ಟೆಲ್‌ಗೆ ಮರಳಿದರೆ ಶುಕ್ರವಾರದ ತರಗತಿಯೂ ವಾರಾಂತ್ಯದ ಓದೂ ಎರಡೂ ಹೋದ ಹಾಗೆ. ಟೆನಿಸ್‌ನಲ್ಲಿ ಇದು ಒಂದೇ ಸೆಮಿಸ್ಟರ್‌ನ ಕಥೆಯಲ್ಲ: ಶರತ್ಕಾಲದಲ್ಲಿ ಟೂರ್ನಿಗಳು, ವಸಂತದಲ್ಲಿ ತಂಡದ ಪಂದ್ಯಗಳು.

ಈ ನಷ್ಟವನ್ನು ತುಂಬಿಕೊಳ್ಳುವ ಕೆಲಸ ಮೊದಲ ವಾರದಲ್ಲೇ ಶುರುವಾಗಬೇಕು. ಆಟಗಾರರಿಗೆಂದೇ ಇರುವ ಅಕಾಡೆಮಿಕ್ ಕೌನ್ಸೆಲರ್ ಮೇಜಿನ ಮೇಲೆ ನಾಲ್ಕೈದು ಕೋರ್ಸ್‌ಗಳ ಸಿಲಬಸ್ ಹರಡಿಕೊಳ್ಳುತ್ತಾರೆ. ಪರೀಕ್ಷೆ, ಕ್ವಿಜ್, ಪ್ರಬಂಧ ಸಲ್ಲಿಸುವ ದಿನ, ಎಲ್ಲವೂ ಒಂದೇ ಕ್ಯಾಲೆಂಡರ್‌ಗೆ ಇಳಿಯುತ್ತವೆ. ಅದರ ಮೇಲೆ ಪಂದ್ಯಗಳ ದಿನಾಂಕ ಕೂರಿಸಿದಾಗ ಎಲ್ಲೆಲ್ಲಿ ಡಿಕ್ಕಿಯಾಗುತ್ತದೆ ಎಂಬುದು ಎದ್ದು ಕಾಣುತ್ತದೆ: ಮಾರ್ಚ್‌ನ ಎರಡನೇ ಶುಕ್ರವಾರ ರಸಾಯನಶಾಸ್ತ್ರದ ಮಿಡ್‌ಟರ್ಮ್, ಅದೇ ದಿನ ಬೇರೆ ರಾಜ್ಯದಲ್ಲಿ ಪಂದ್ಯ. ಅಂಥ ದಿನಗಳಿಗೆ ಟ್ರಾವೆಲ್ ಲೆಟರ್, ಅಂದರೆ ಪಂದ್ಯಕ್ಕಾಗಿ ಗೈರಾಗುವುದನ್ನು ತಿಳಿಸುವ ಪತ್ರ, ಸಿದ್ಧವಾಗುತ್ತದೆ. ಅದನ್ನು ಪ್ರೊಫೆಸರ್ ಕೈಗೆ ಮಗಳೇ ಕೊಟ್ಟು, ಪರೀಕ್ಷೆಯನ್ನು ಮುಂಚೆ ಬರೆಯಲೋ, ನಂತರ ಬರೆಯಲೋ, ಅಥವಾ ತಂಡದ ಜೊತೆ ಹೋಗುವ ಸಿಬ್ಬಂದಿಯ ಮೇಲ್ವಿಚಾರಣೆಯಲ್ಲಿ ಹೋಟೆಲ್‌ನಲ್ಲೇ ಬರೆಯಲೋ ಎಂದು ಕೇಳಬೇಕು. ಪತ್ರ ಕೊಟ್ಟಾಕ್ಷಣ ಎಲ್ಲ ಮಾಫಿ ಆಗುವುದಿಲ್ಲ. ಗೈರುಹಾಜರಿಯ ನಿಯಮ ಕಾಲೇಜಿನಿಂದ ಕಾಲೇಜಿಗೆ ಬೇರೆ, ತಪ್ಪಿದ ಲ್ಯಾಬನ್ನು ಮತ್ತೆ ನಡೆಸಿಕೊಡಲು ಎಷ್ಟೋ ಪ್ರೊಫೆಸರ್‌ಗಳಿಗೆ ಆಗುವುದೇ ಇಲ್ಲ. ಪಂದ್ಯದ ಹಿಂದಿನ ದಿನ ಇಮೇಲ್ ಹಾಕುವವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಮೊದಲ ವರ್ಷದವರಿಗೆ ಸ್ಟಡಿ ಹಾಲ್ ಸಾಮಾನ್ಯವಾಗಿ ಕಡ್ಡಾಯ. ವಾರಕ್ಕೆ ಆರರಿಂದ ಎಂಟು ಗಂಟೆ ಇಡುವ ಕಾಲೇಜುಗಳು ಬಹಳ. ಕಾರ್ಡ್ ಸ್ವೈಪ್ ಮಾಡಿ ಒಳಹೋದರೆ ಗಡಿಯಾರ ಓಡುತ್ತದೆ, ಪುಸ್ತಕ ತೆರೆದರೂ ಇಲ್ಲದಿದ್ದರೂ. ಗಂಟೆ ತುಂಬಿಸುವುದಕ್ಕಷ್ಟೇ ಕೂತರೆ ಏನೂ ಹುಟ್ಟುವುದಿಲ್ಲ. ಆ ದಿನ ಮುಗಿಸಬೇಕಾದ ಎರಡು ಕೆಲಸ ಚೀಟಿಯಲ್ಲಿ ಬರೆದುಕೊಂಡು ಹೋಗುವುದು, ಹೊರಡುವಾಗ ಕೌನ್ಸೆಲರ್‌ಗೆ ತೋರಿಸುವುದು, ಇಷ್ಟು ಮಾಡಿದರೂ ದೊಡ್ಡ ವ್ಯತ್ಯಾಸ ಬರುತ್ತದೆ.

ಟ್ಯೂಟರ್‌ಗಳು ಹೆಚ್ಚಾಗಿ ಅದೇ ಕೋರ್ಸ್‌ನಲ್ಲಿ ಒಳ್ಳೆಯ ಗ್ರೇಡ್ ತೆಗೆದ ವಿದ್ಯಾರ್ಥಿಗಳು. ಪರೀಕ್ಷೆಯ ಹಿಂದಿನ ರಾತ್ರಿ ಟ್ಯೂಟರ್ ಹುಡುಕುವುದು ವ್ಯರ್ಥ. ಕಷ್ಟದ ಕೋರ್ಸ್ ಎಂದು ಗೊತ್ತಿದ್ದರೆ ಎರಡನೇ ವಾರಕ್ಕೇ ಹೆಸರು ಕೊಡಬೇಕು. ಪ್ರಬಂಧಕ್ಕೆ ನೆರವು ಪಡೆಯುವಾಗ ಒಂದು ಗೆರೆ ದಾಟಬಾರದು: ಕೀಬೋರ್ಡ್ ಮೇಲೆ ಮಗಳ ಕೈ ಮಾತ್ರ ಇರಬೇಕು. "ಈ ವಾದ ಇಲ್ಲಿ ದುರ್ಬಲವಾಗಿದೆ, ಯಾಕೆ ಹಾಗಂತೀಯ?" ಎಂದು ಟ್ಯೂಟರ್ ಕೇಳಬಹುದು, ವಾಕ್ಯ ಬರೆದುಕೊಡುವಂತಿಲ್ಲ. ಸಿಬ್ಬಂದಿ ಬರೆದುಕೊಟ್ಟದ್ದು ಸಾಬೀತಾದರೆ ಆಟದ ಅರ್ಹತೆಗೆ ಕುತ್ತು ಬರುವುದರ ಜೊತೆ ಕಾಲೇಜಿನ ಶಿಸ್ತುಕ್ರಮವೂ ಬರುತ್ತದೆ.

ಈ ವ್ಯವಸ್ಥೆ ಹದಗೆಟ್ಟರೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಪ್ರಕರಣ ಇದೆ. 1993ರಿಂದ 2011ರವರೆಗೆ ತರಗತಿಯೇ ನಡೆಯದ, ಒಂದು ಪ್ರಬಂಧ ಕೊಟ್ಟರೆ ಗ್ರೇಡ್ ಸಿಗುವ ಕೋರ್ಸ್‌ಗಳನ್ನು 3,100ಕ್ಕೂ ಹೆಚ್ಚು ವಿದ್ಯಾರ್ಥಿಗಳು ತೆಗೆದುಕೊಂಡಿದ್ದರೆಂದು 2014ರ ತನಿಖಾ ವರದಿ ಹೇಳಿತು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಆಟಗಾರರು. ಆಟಗಾರರನ್ನು ಅಲ್ಲಿಗೆ ದಾರಿ ತೋರಿಸಿ ಕಳಿಸಿದವರಲ್ಲಿ ಸಪೋರ್ಟ್ ವಿಭಾಗದ ಕೌನ್ಸೆಲರ್‌ಗಳೂ ಇದ್ದರು. ಆ ಮಕ್ಕಳಿಗೆ ಗ್ರೇಡ್ ಸಿಕ್ಕಿತು, ಪಾಠ ಸಿಗಲಿಲ್ಲ. ಇದಕ್ಕಿಂತ ದೊಡ್ಡ ಅನ್ಯಾಯವನ್ನು ಒಂದು ಕಾಲೇಜು ತನ್ನ ವಿದ್ಯಾರ್ಥಿಗೆ ಮಾಡಲಾರದು.

ಇಂಥ ಒತ್ತಡ ಹುಟ್ಟುವುದು ಎಲ್ಲಿಂದ? ತಂಡದ ಓದನ್ನು ಅಳೆಯಲು ಎನ್‌ಸಿಎಎ ಲೆಕ್ಕದಲ್ಲಿ ಪ್ರತಿ ಸೆಮಿಸ್ಟರ್, ಸ್ಕಾಲರ್‌ಶಿಪ್ ಪಡೆದ ಒಬ್ಬೊಬ್ಬರಿಗೂ ಎರಡು ಅಂಕ: ಅರ್ಹರಾಗಿ ಉಳಿದರೆ ಒಂದು, ಕಾಲೇಜಿನಲ್ಲಿ ಮುಂದುವರಿದರೆ ಅಥವಾ ಡಿಗ್ರಿ ಮುಗಿಸಿದರೆ ಇನ್ನೊಂದು. ತಂಡಕ್ಕೆ ಸಿಗಬಹುದಾಗಿದ್ದ ಅಂಕಗಳಲ್ಲಿ ಸಿಕ್ಕಿದ್ದೆಷ್ಟು ಎಂಬುದನ್ನು 1,000ಕ್ಕೆ ಲೆಕ್ಕಹಾಕುತ್ತಾರೆ, ಇದಕ್ಕೆ ಎಪಿಆರ್ (ಅಕಾಡೆಮಿಕ್ ಪ್ರೋಗ್ರೆಸ್ ರೇಟ್) ಎನ್ನುತ್ತಾರೆ. ನಾಲ್ಕು ವರ್ಷದ ಸರಾಸರಿ 930ಕ್ಕಿಂತ ಇಳಿದರೆ ತಂಡ ಚಾಂಪಿಯನ್‌ಶಿಪ್ ಆಡುವಂತಿಲ್ಲ. ಹೀಗಾಗಿ ಸುಲಭದ ಕೋರ್ಸ್, ಸುಲಭದ ಮೇಜರ್ (ಡಿಗ್ರಿಯ ಮುಖ್ಯ ವಿಷಯ) ಕಡೆಗೆ ಮೆಲ್ಲಗೆ ತಳ್ಳುವ ಗಾಳಿ ಸದಾ ಬೀಸುತ್ತಿರುತ್ತದೆ. ಕೌನ್ಸೆಲರ್ ಕೆಟ್ಟವರು ಎಂದಲ್ಲ, ಅವರ ಕೆಲಸವನ್ನು ಅಳೆಯುವ ಕೋಲೇ ಅದು.

ಮಗಳು ಬಾಯಿಪಾಠ ಮಾಡಿಕೊಳ್ಳಬೇಕಾದ ಅಂಕೆಗಳು ಕೆಲವೇ. ಕೋರ್ಸ್‌ನ ತೂಕ ಅಳೆಯುವ ಏಕಮಾನ ಕ್ರೆಡಿಟ್; ಪ್ರತಿ ಸೆಮಿಸ್ಟರ್ ಕನಿಷ್ಠ 12 ಕ್ರೆಡಿಟ್‌ಗೆ ದಾಖಲಾಗಿರಬೇಕು, 6 ಪಾಸಾಗಬೇಕು. ಎರಡನೇ ವರ್ಷಕ್ಕೆ ಕಾಲಿಡುವ ಮೊದಲು ಒಟ್ಟು 24. ಮೂರನೇ ವರ್ಷದ ಆರಂಭಕ್ಕೆ ಮೇಜರ್ ಘೋಷಿಸಿ ಆ ಡಿಗ್ರಿಯ ಶೇ. 40 ಮುಗಿದಿರಬೇಕು, ನಾಲ್ಕನೆಯದಕ್ಕೆ ಶೇ. 60, ಐದನೆಯದಕ್ಕೆ ಶೇ. 80. ಡಿಗ್ರಿಗೆ 2.0 ಜಿಪಿಎ (4ಕ್ಕೆ ಲೆಕ್ಕಹಾಕುವ ಗ್ರೇಡ್‌ಗಳ ಸರಾಸರಿ) ಕೇಳುವ ಕಾಲೇಜಿನಲ್ಲಿ ಎರಡು, ಮೂರು, ನಾಲ್ಕನೇ ವರ್ಷದ ಆರಂಭಕ್ಕೆ ಕ್ರಮವಾಗಿ 1.8, 1.9, 2.0 ಇರಬೇಕು. ಇದು ಆಡಲು ಬೇಕಾದ ಕನಿಷ್ಠ. ಮುಂದೆ ಮಾಸ್ಟರ್ಸ್ ಓದುವ ಆಸೆಯಿದ್ದರೆ ಈ ಅಂಕೆಗೆ ಬೆಲೆಯೇ ಇಲ್ಲ.

ಎಡವುವುದು ಆ ಶೇಕಡಾ ಲೆಕ್ಕದಲ್ಲಿ. 120 ಕ್ರೆಡಿಟ್‌ನ ಡಿಗ್ರಿಗೆ ಶೇ. 40 ಎಂದರೆ 48. ಎರಡು ವರ್ಷ ಎಂಜಿನಿಯರಿಂಗ್ ಓದಿ 54 ಕ್ರೆಡಿಟ್ ಪಾಸಾದವಳು ಬಿಸಿನೆಸ್‌ಗೆ ಬದಲಾಯಿಸುತ್ತಾಳೆ ಎಂದುಕೊಳ್ಳಿ. ಹೊಸ ಡಿಗ್ರಿಗೆ ಅದರಲ್ಲಿ 33 ಮಾತ್ರ ಸಲ್ಲುತ್ತವೆ ಎಂದಾದರೆ ಅವಳು ಶೇ. 28ರ ಆಸುಪಾಸಿನಲ್ಲಿದ್ದಾಳೆ. ಒಂದು ವಿಷಯದಲ್ಲೂ ಫೇಲಾಗದೆ ಆಟದಿಂದ ಹೊರಗೆ. ಮೇಜರ್ ಬದಲಿಸುವ ಫಾರ್ಮ್‌ಗೆ ಸಹಿ ಹಾಕುವ ಮುನ್ನ ಯಾವ ಕ್ರೆಡಿಟ್ ಸಲ್ಲುತ್ತದೆ ಎಂದು ವಿಭಾಗದ ಅಡ್ವೈಸರ್ ಮತ್ತು ಆಟದ ನಿಯಮ ಪಾಲನೆ ನೋಡಿಕೊಳ್ಳುವ ಕಂಪ್ಲಯನ್ಸ್ ಕಚೇರಿ, ಇಬ್ಬರಿಂದಲೂ ಲಿಖಿತವಾಗಿ ಪಡೆಯಬೇಕು. ಒಬ್ಬರ ಮಾತು ಸಾಲದು.

ಭಾರತದಿಂದ ಹೋಗುವವರಿಗೆ ಎಫ್-1 ಎಂಬ ವಿದ್ಯಾರ್ಥಿ ವೀಸಾದ್ದು ಎರಡನೇ ಬೇಲಿ. ಅದಕ್ಕೂ ಪೂರ್ಣಾವಧಿ ಓದು ಬೇಕು, ಆದರೆ ಪೂರ್ಣಾವಧಿಯ ಲೆಕ್ಕಕ್ಕೆ ಸೆಮಿಸ್ಟರ್‌ಗೆ ಒಂದೇ ಆನ್‌ಲೈನ್ ಕೋರ್ಸ್, ಅಂದರೆ 3 ಕ್ರೆಡಿಟ್, ಸಲ್ಲುತ್ತದೆ. ಪ್ರಯಾಣ ಜಾಸ್ತಿ ಇರುವಾಗ ತಂಡದ ಅಮೆರಿಕನ್ ಆಟಗಾರ್ತಿಯರು ಆನ್‌ಲೈನ್ ಕೋರ್ಸ್‌ಗಳನ್ನೇ ತುಂಬಿಕೊಳ್ಳುತ್ತಾರೆ. ಅವರಿಗೆ ಸರಿ, ಮಗಳಿಗೆ ಅಲ್ಲ. ಹಾಗೆಯೇ ಕೋರ್ಸ್ ಬಿಟ್ಟು 12ಕ್ಕಿಂತ ಕೆಳಗೆ ಇಳಿದರೆ ಆಟದ ಅರ್ಹತೆ, ವೀಸಾ ಎರಡಕ್ಕೂ ಏಟು. ಅದಕ್ಕೆ 15 ಕ್ರೆಡಿಟ್‌ನಿಂದ ಶುರುಮಾಡುವುದು ಜಾಣತನ. ಒಂದು ಬಿಟ್ಟರೂ 12 ಉಳಿಯುತ್ತದೆ. ಬಿಡುವ ಮೊದಲು ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ಹೋಗಲೇಬೇಕು. ಈ ವೀಸಾ ನಿಯಮ ಕ್ರೀಡಾ ವಿಭಾಗದ ಕೌನ್ಸೆಲರ್‌ಗೆ ಪೂರ್ತಿ ಗೊತ್ತಿರಬೇಕೆಂದೇನಿಲ್ಲ.

ಇನ್ನು, ಕೋಚ್ ಮುಂದಿನ ಸಲ ಕರೆ ಮಾಡಿದಾಗ ಕೇಳಿ: ಒಬ್ಬ ಕೌನ್ಸೆಲರ್‌ಗೆ ಎಷ್ಟು ಆಟಗಾರರು? ತಂಡದವರು ಯಾವ ಯಾವ ಮೇಜರ್ ಓದುತ್ತಿದ್ದಾರೆ? ಎಲ್ಲರದೂ ಒಂದೇ ಆಗಿದ್ದರೆ ಕಾರಣವೇನು? ಮಗಳಿಗೆ ಬೇಕಾದ ವಿಷಯದ ಲ್ಯಾಬ್ ಮಧ್ಯಾಹ್ನವಿದ್ದರೆ ಅಭ್ಯಾಸದ ಸಮಯ ಬದಲಾಗುತ್ತದೆಯೇ? ಕೌನ್ಸೆಲರ್ ಜೊತೆಗೇ ಹತ್ತು ನಿಮಿಷ ಮಾತಾಡಿಸಲು ಹೇಳಿ.

ಅಲ್ಲಿಗೆ ಹೋದ ಮೇಲೆ ಮಾರ್ಕ್ಸ್ ವಿಚಾರಿಸಲು ನೀವು ಕಾಲೇಜಿಗೆ ಫೋನ್ ಮಾಡಿದರೆ ಉತ್ತರ ಸಿಗಲಿಕ್ಕಿಲ್ಲ. ವಿದ್ಯಾರ್ಥಿಗಳ ದಾಖಲೆಯ ಗೋಪ್ಯತೆ ಕಾಯುವ 1974ರ ಫೆರ್ಪಾ ಕಾಯ್ದೆಯಂತೆ ಆ ದಾಖಲೆಗಳ ಮೇಲಿನ ಹಕ್ಕು ಮಗಳದು, ಅವಳ ಲಿಖಿತ ಒಪ್ಪಿಗೆ ಬೇಕು. ಅವಳನ್ನೇ ಕೇಳುವುದು ನೇರ ದಾರಿ. ಐದಾರನೇ ವಾರದ ಹೊತ್ತಿಗೆ ಪ್ರೊಫೆಸರ್‌ಗಳಿಂದ ಪ್ರೋಗ್ರೆಸ್ ರಿಪೋರ್ಟ್ ತರಿಸುವುದು ರೂಢಿ. ಆಗ ಎರಡೇ ಪ್ರಶ್ನೆ ಸಾಕು: ಯಾವ ಕೋರ್ಸ್ ಕಷ್ಟವಾಗುತ್ತಿದೆ, ಅದನ್ನು ಬಿಡಲು ಕೊನೆಯ ದಿನ ಯಾವತ್ತು?