ದಿಬ್ಬದ ನೆತ್ತಿಯಲ್ಲಿ ಪೆಡಲ್ ಬಿಡಬೇಡಿ

ಸ್ಪ್ರಿಂಟ್ ಟ್ರಯಥ್ಲಾನ್ ಅಂದರೆ 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. 2000ರ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ನಡೆದ ಟ್ರಯಥ್ಲಾನ್‌ನ ಸರಿಯಾಗಿ ಅರ್ಧ ದೂರ. ಈಜು ಬರುವ, ನಿಯಮಿತವಾಗಿ ವ್ಯಾಯಾಮ ಮಾಡುವ ಯಾರೇ ಆದರೂ ಸಪಾಟು ರಸ್ತೆಯಲ್ಲಿ ಇದನ್ನು ಎರಡು ಮೂರು ತಿಂಗಳ ತಯಾರಿಯಲ್ಲಿ ನೆಮ್ಮದಿಯಾಗಿ ಮುಗಿಸಬಹುದು. ಅದೇ ದೂರವನ್ನು ಗುಡ್ಡದ ರಸ್ತೆಗೆ ಒಯ್ದರೆ ಲೆಕ್ಕ ಬೇರೆಯಾಗುತ್ತದೆ.

ಇಂಥ ಸ್ಪರ್ಧೆಗೆ ಹೆಸರು ಕೊಟ್ಟು ತರಬೇತಿಗೆ ಬರುವವರು ಮೊದಲು ಕೇಳುವ ಪ್ರಶ್ನೆ ಒಂದೇ: ‘ಏರಿನಲ್ಲಿ ವೇಗ ಹೆಚ್ಚಿಸುವುದು ಹೇಗೆ?’ ನಾನು ತಿರುಗಿ ಕೇಳುವುದು, ‘ಏರು ಮುಗಿದ ಮರುಕ್ಷಣ ನೀವು ಏನು ಮಾಡುತ್ತೀರಿ?’ ಹೆಚ್ಚಿನವರು ಪೆಡಲ್ ನಿಲ್ಲಿಸಿ ಉಸಿರು ಬಿಡುತ್ತಾರೆ. ನೆತ್ತಿ ತಲುಪುವ ಹೊತ್ತಿಗೆ ಅವರಲ್ಲಿ ಏನೂ ಉಳಿದಿರುವುದಿಲ್ಲ. ಏರಿನ ಮೊದಲ ಭಾಗದಲ್ಲಿ ಶಕ್ತಿ ಉಳಿಸಿಕೊಂಡು, ನೆತ್ತಿಯನ್ನು ದಾಟುವ ತನಕ ಒತ್ತಡ ಸಡಿಲಿಸದೆ ತುಳಿಯುವುದನ್ನು ಕಲಿತವರಿಗೆ ಗುಡ್ಡದ ಸ್ಪರ್ಧೆ ಒಲಿಯುತ್ತದೆ. ನನ್ನ ತರಬೇತಿಯ ಬಹುಪಾಲು ಇಷ್ಟರ ಸುತ್ತಲೇ ಇದೆ.

ಏಕೆಂದು ಲೆಕ್ಕ ಹಾಕಿ ನೋಡೋಣ. 20 ಕಿ.ಮೀ.ಯಲ್ಲಿ 10 ಕಿ.ಮೀ. ಏರು, 10 ಕಿ.ಮೀ. ಇಳಿಜಾರು ಅಂದುಕೊಳ್ಳಿ. ಗಂಟೆಗೆ 12 ಕಿ.ಮೀ. ವೇಗದಲ್ಲಿ ಹತ್ತಿದರೆ ಏರಿಗೇ 50 ನಿಮಿಷ. 40 ಕಿ.ಮೀ. ವೇಗದಲ್ಲಿ ಇಳಿದರೆ 15 ನಿಮಿಷ. ಇಳಿಯುವಾಗ ಧೈರ್ಯ ಮಾಡಿ 45ಕ್ಕೆ ಏರಿಸಿದರೂ ಉಳಿಯುವುದು ಒಂದು ನಿಮಿಷ 40 ಸೆಕೆಂಡು. ಅಷ್ಟಕ್ಕೇ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ಶೇ 40ಕ್ಕಿಂತ ಹೆಚ್ಚಾಗುತ್ತದೆ, ಏಕೆಂದರೆ ಅದು ವೇಗದ ಘನಕ್ಕೆ ತಕ್ಕಂತೆ ಬೆಳೆಯುತ್ತದೆ. ಏರಿನಲ್ಲಿ 12ನ್ನು 13 ಮಾಡಿದರೆ ಉಳಿತಾಯ ಸುಮಾರು ನಾಲ್ಕು ನಿಮಿಷ. ಹಾಗಾದರೆ ಏರಿನಲ್ಲೇ ಜೋರಾಗಿ ತುಳಿಯಬೇಕಲ್ಲವೇ ಅನ್ನಿಸುತ್ತದೆ. ಆದರೆ 75 ಕೆ.ಜಿ. ತೂಕದವರು 10 ಕೆ.ಜಿ. ಸೈಕಲ್, ಸಾಮಾನಿನೊಂದಿಗೆ ಶೇ 6ರ (ನೂರು ಮೀಟರ್‌ಗೆ ಆರು ಮೀಟರ್ ಮೇಲೇರುವ) ಏರನ್ನು 12 ಕಿ.ಮೀ. ವೇಗದಲ್ಲಿ ಹತ್ತಲು ಸುಮಾರು 190 ವಾಟ್ ಬೇಕು. 13ಕ್ಕೆ ಹೋಗಲು 205ರ ಆಸುಪಾಸು. ಆ ಹದಿನೈದು ವಾಟ್ ಅನೇಕರಿಗೆ ದೇಹ ತಾಳುವ ಮಿತಿಯ ಒಳಗಿರುವುದಕ್ಕೂ ಹೊರಗೆ ಹೋಗುವುದಕ್ಕೂ ಇರುವ ಅಂತರ. ಮಿತಿ ದಾಟಿದ್ದಕ್ಕೆ ಓಟದಲ್ಲಿ ಬಡ್ಡಿ ಸಮೇತ ಕಟ್ಟಬೇಕಾಗುತ್ತದೆ.

ಆದ್ದರಿಂದ ಆ ಮಿತಿಯನ್ನೇ ತರಬೇತಿಯಿಂದ ಎತ್ತರಿಸಬೇಕು, ಸ್ಪರ್ಧೆಯ ದಿನ ಅದರ ಕೆಳಗೇ ಇರಬೇಕು.

ತರಬೇತಿ ಶುರುವಾಗುವ ಮೊದಲು ಗೇರ್ ನೋಡಿಕೊಳ್ಳಿ. ಇದನ್ನು ಕೊನೆಯ ವಾರಕ್ಕೆ ಬಿಡುವವರೇ ಹೆಚ್ಚು, ಅದರಿಂದಾಗುವ ನಷ್ಟವೂ ಹೆಚ್ಚು. ಮುಂದೆ ಪೆಡಲ್ ಬಳಿ 34 ಹಲ್ಲಿನ ಸಣ್ಣ ಚೈನ್‌ರಿಂಗ್ (ಹಲ್ಲುಚಕ್ರ), ಹಿಂದಿನ ಕ್ಯಾಸೆಟ್‌ನಲ್ಲಿ, ಅಂದರೆ ಹಿಂಗಾಲಿಯ ಹಲ್ಲುಚಕ್ರಗಳ ಗೊಂಚಲಿನಲ್ಲಿ, ದೊಡ್ಡ ಚಕ್ರ 28 ಹಲ್ಲಿನದು ಇದ್ದರೆ, ನಿಮಿಷಕ್ಕೆ 60 ಸುತ್ತು ತುಳಿದಾಗ ಸೈಕಲ್ ಗಂಟೆಗೆ 9 ಕಿ.ಮೀ. ಚಿಲ್ಲರೆ ವೇಗದಲ್ಲಿ ಸಾಗುತ್ತದೆ. ಶೇ 10ರ ಏರಿನಲ್ಲಿ ಆ ವೇಗಕ್ಕೆ ಮೇಲೆ ಹೇಳಿದ ತೂಕದವರಿಂದ ಸುಮಾರು 225 ವಾಟ್ ಬೇಕು. ಅಷ್ಟು ಶಕ್ತಿ ಇಲ್ಲದಿದ್ದರೆ ಕಾಲು ನಿಮಿಷಕ್ಕೆ 45–50 ಸುತ್ತಿಗೆ ಇಳಿದು, ಪ್ರತಿ ತುಳಿತವೂ ಭಾರ ಎತ್ತಿದಂತಾಗುತ್ತದೆ. ಹಿಂದೆ 34 ಹಲ್ಲಿನ ಚಕ್ರ ಹಾಕಿಸಿದರೆ ಅದೇ 60 ಸುತ್ತಿಗೆ ಸುಮಾರು 185 ವಾಟ್ ಸಾಕು. ನಿಮ್ಮ ಡಿರೇಲರ್ (ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಅಷ್ಟು ದೊಡ್ಡ ಚಕ್ರವನ್ನು ತಡೆದುಕೊಳ್ಳುತ್ತದೆಯೇ, ಚೈನ್ ಉದ್ದ ಸಾಲುತ್ತದೆಯೇ ಎಂಬುದನ್ನು ಮೆಕ್ಯಾನಿಕ್ ಬಳಿ ಖಚಿತ ಮಾಡಿಕೊಳ್ಳಿ. ಹಗುರ ಗೇರ್ ಹಾಕಿಸಲು ಸಂಕೋಚಪಡುವವರನ್ನು ಕಂಡಾಗ ನನಗೆ ಬೇಸರವಾಗುತ್ತದೆ. ವೃತ್ತಿಪರ ಸೈಕ್ಲಿಸ್ಟ್‌ಗಳೇ ಕಡಿದಾದ ಘಟ್ಟಗಳಿಗೆ ಹಗುರ ಗೇರ್ ಹಾಕಿಕೊಂಡು ಹೋಗುತ್ತಾರೆ.

ಇದಕ್ಕೆ ಹೋಲಿಸಿದರೆ ಹಗುರ ಸೈಕಲ್‌ಗೆ ದುಡ್ಡು ಸುರಿಯುವುದು ದಂಡ. 85 ಕೆ.ಜಿ. ಒಟ್ಟು ತೂಕದಲ್ಲಿ ಒಂದು ಕೆ.ಜಿ. ಇಳಿಸಿದರೆ 50 ನಿಮಿಷದ ಏರಿನಲ್ಲಿ ಉಳಿಯುವುದು ಅರ್ಧ ನಿಮಿಷ.

ದಾರಿಯ ನಕ್ಷೆ ಸಿಕ್ಕ ಕೂಡಲೇ ಏರಿಳಿತದ ರೇಖೆ ನೋಡಿ. ಒಂದು ಕಿ.ಮೀ.ಯಲ್ಲಿ 60 ಮೀಟರ್ ಏರಿದರೆ ಶೇ 6 ಎನ್ನುತ್ತೇವೆ, ಆದರೆ ಆ ಸರಾಸರಿಯೊಳಗೆ ನೂರು ಮೀಟರ್ ಉದ್ದದ ಶೇ 12ರ ತುಂಡೊಂದು ಅಡಗಿರಬಹುದು. ಸಾಧ್ಯವಾದರೆ ಮೊದಲೇ ಹೋಗಿ ಒಮ್ಮೆ ತುಳಿದು ಬನ್ನಿ. ಗಮನಿಸಬೇಕಾದ್ದು ಮೂರು: ಟ್ರಾನ್ಸಿಷನ್‌ನಿಂದ (ಈಜು ಮುಗಿಸಿ ಸೈಕಲ್‌ಗೆ, ಸೈಕಲ್ ಬಿಟ್ಟು ಓಟಕ್ಕೆ ಬದಲಾಗುವ ಜಾಗ) ಹೊರಬಿದ್ದ ತಕ್ಷಣ ಏರು ಇದೆಯೇ, ಪ್ರತಿ ದಿಬ್ಬದ ನೆತ್ತಿಯ ಆಚೆ ಸಪಾಟೋ ಇಳಿಜಾರೋ, ಇಳಿಜಾರಿನಲ್ಲಿ ಕಣ್ಣಿಗೆ ಬೀಳದ ತಿರುವು ಎಲ್ಲಿದೆ.

ಈಗ ವಾರದ ಮುಖ್ಯ ಅಭ್ಯಾಸಕ್ಕೆ ಬರುತ್ತೇನೆ. ಮೂರು ನಾಲ್ಕು ನಿಮಿಷದಲ್ಲಿ ಹತ್ತಬಹುದಾದ, ನೆತ್ತಿಯ ಆಚೆ ಸ್ವಲ್ಪ ಸಪಾಟು ಇರುವ ಒಂದು ದಿಬ್ಬ ಹುಡುಕಿ. ಚೆನ್ನಾಗಿ ಮೈ ಬೆಚ್ಚಗಾದ ಮೇಲೆ ಬುಡಕ್ಕೆ ಬರುವ ಮೊದಲೇ ಹಗುರ ಗೇರ್‌ಗೆ ಇಳಿಯಿರಿ. ಏರು ಕಾಲಿಗೆ ತಾಗಿದ ಮೇಲೆ ಗೇರ್ ಬದಲಿಸಿದರೆ ಚೈನ್ ಕರಕರ ಅನ್ನುತ್ತದೆ, ಕೆಲವೊಮ್ಮೆ ಕಳಚಿಯೂ ಬೀಳುತ್ತದೆ. ಮೊದಲ ನಿಮಿಷ ಸೀಟಿನ ಮೇಲೆ ಕೂತೇ ತುಳಿಯಿರಿ, ‘ಇದು ತೀರಾ ಸುಲಭವಾಯಿತು’ ಅನ್ನಿಸಬೇಕು. ಒಂದು ಪುಟ್ಟ ವಾಕ್ಯವನ್ನು ತಡವರಿಸದೆ ಹೇಳಲು ಆಗಬೇಕು. ಇಲ್ಲಿ ಹೃದಯ ಬಡಿತದ ಗಡಿಯಾರವನ್ನು ನಂಬಬೇಡಿ. ಬಡಿತ ಕಾಲಿನ ಕೆಲಸಕ್ಕಿಂತ ಹಿಂದೆ ಬೀಳುತ್ತದೆ. ಮೊದಲ ನಿಮಿಷದಲ್ಲಿ ಅದು ತೋರಿಸುವ ಸಣ್ಣ ಅಂಕಿ ನೋಡಿ ಜೋರು ಮಾಡಿದವರು ಮೂರನೇ ನಿಮಿಷದಲ್ಲಿ ಬಾಯಿ ತೆರೆದು ಏದುಸಿರು ಬಿಡುತ್ತಾರೆ. ಎರಡನೇ ನಿಮಿಷದಿಂದ ನಿಧಾನಕ್ಕೆ ಒತ್ತಡ ಹೆಚ್ಚಿಸಿ, ಕೊನೆಯಲ್ಲಿ ಹತ್ತಕ್ಕೆ ಎಂಟರಷ್ಟು ಕಷ್ಟ ಅನ್ನಿಸುವ ಮಟ್ಟಕ್ಕೆ ಬನ್ನಿ.

ನೆತ್ತಿ ಕಂಡಾಗ ಎಲ್ಲರ ಕಾಲೂ ತಾನಾಗಿ ಸಡಿಲವಾಗುತ್ತದೆ. ಆ ಹೊತ್ತಿನಲ್ಲೇ ಒಂದು ಗೇರ್ ಭಾರ ಮಾಡಿ, ರಸ್ತೆ ಸಪಾಟಾದಂತೆ ಇನ್ನೊಂದು, ಮತ್ತೊಂದು. ನೆತ್ತಿ ದಾಟಿದ ಮೇಲೆ ಬಲಗಾಲಿನ ಮೂವತ್ತು ತುಳಿತ ಎಣಿಸಿ, ಆಮೇಲೆ ಬಿಡಿ. ಗಂಟೆಗೆ 10 ಕಿ.ಮೀ.ಯಲ್ಲಿದ್ದ ಸೈಕಲ್ ಈ ಇಪ್ಪತ್ತು–ಇಪ್ಪತ್ತೈದು ಸೆಕೆಂಡಿನಲ್ಲಿ ಓಟ ಹಿಡಿಯುತ್ತದೆ, ಮುಂದಿನ ಇಳಿಜಾರು ಪೂರ್ತಿ ಆ ವೇಗದ ಲಾಭ ಸಿಗುತ್ತದೆ. ಪಕ್ಕದವರು ಇಲ್ಲೇ ಪೆಡಲ್ ಬಿಟ್ಟಿರುತ್ತಾರೆ, ಏರಿನಲ್ಲಿ ನಿಮ್ಮನ್ನು ಹಿಂದೆ ಹಾಕಿದವರನ್ನು ಇಲ್ಲೇ ಮತ್ತೆ ಹಿಡಿಯುತ್ತೀರಿ. ಮೊದಲ ವಾರ ನಾಲ್ಕು ಸಲ, ಆರೇಳು ವಾರ ಕಳೆಯುವ ಹೊತ್ತಿಗೆ ಆರು ಸಲ ಮಾಡಿದರೆ ಸಾಕು. ಹತ್ತಿರದಲ್ಲಿ ದಿಬ್ಬ ಇಲ್ಲದವರು ಎದುರುಗಾಳಿಯಲ್ಲಿ ಭಾರದ ಗೇರ್ ಹಾಕಿಕೊಂಡು, ಅಥವಾ ಮನೆಯೊಳಗೆ ಸೈಕಲ್ ನಿಲ್ಲಿಸಿ ತುಳಿಯುವ ಟ್ರೇನರ್ ಸಾಧನದ ಮೇಲೆ ಮುಂದಿನ ಚಕ್ರವನ್ನು ಎತ್ತರಿಸಿ ಇದೇ ಕ್ರಮ ಅನುಸರಿಸಬಹುದು. ಉಳಿದ ಸೈಕಲ್ ಸವಾರಿಗಳು ಆರಾಮವಾಗಿರಲಿ.

ವಾರಕ್ಕೊಮ್ಮೆ ಈ ಅಭ್ಯಾಸದ ಬೆನ್ನಿಗೇ ಶೂ ಬದಲಿಸಿ ಹತ್ತು ಹದಿನೈದು ನಿಮಿಷ ಓಡಿ. ಇದನ್ನೇ ಬ್ರಿಕ್ ಅನ್ನುವುದು. ಗುಡ್ಡದ ಸ್ಪರ್ಧೆಗೆ ತಯಾರಾಗುವವರು ಈ ಓಟವನ್ನೂ ಸಣ್ಣ ಏರಿನಿಂದಲೇ ಶುರು ಮಾಡಬೇಕು. ಏರು ತುಳಿದು ದಣಿದ ತೊಡೆ ಮೊದಲ ಐದು ನಿಮಿಷ ಮಾತು ಕೇಳುವುದಿಲ್ಲ. ಹೆಜ್ಜೆ ಚಿಕ್ಕದು ಮಾಡಿ, ಕೈಗಳನ್ನು ಚುರುಕಾಗಿ ಬೀಸಿ, ದೃಷ್ಟಿ ಹತ್ತು ಹದಿನೈದು ಮೀಟರ್ ಮುಂದಿರಲಿ. ಸೊಂಟದಿಂದ ಮುಂದಕ್ಕೆ ಬಗ್ಗಿದರೆ ಉಸಿರಿಗೆ ಜಾಗ ಸಾಲದು, ಇಡೀ ಮೈ ಪಾದದ ಗಂಟಿನಿಂದಲೇ ಸ್ವಲ್ಪ ಮುಂದಕ್ಕೆ ವಾಲಬೇಕು. ಏರಿನಲ್ಲಿ ಕಿ.ಮೀ.ಗೆ ಎಷ್ಟು ನಿಮಿಷ ಎಂದು ಗಡಿಯಾರ ನೋಡುವುದರಿಂದ ಏನೂ ಸಿಗುವುದಿಲ್ಲ. ತೀರಾ ಕಡಿದಾದ ಕಡೆ ಇಪ್ಪತ್ತು ಮೂವತ್ತು ಹೆಜ್ಜೆ ಬಿರುಸಾಗಿ ನಡೆದು ಮತ್ತೆ ಓಟ ಹಿಡಿಯುವುದು ಹಲವರಿಗೆ ಲಾಭವೇ.

ಓಟದ ಇಳಿಜಾರಿನ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಆದರೆ ಗುಡ್ಡದ ಸ್ಪರ್ಧೆಯಲ್ಲಿ ಕಾಲನ್ನು ಕೆಡಿಸುವುದು ಅದೇ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು. ಅದರಿಂದ ನಾರುಗಳಿಗೆ ಸೂಕ್ಷ್ಮ ಪೆಟ್ಟಾಗುತ್ತದೆ, ಅಭ್ಯಾಸವಿಲ್ಲದವರಿಗೆ ಮರುದಿನ, ಅದರ ಮರುದಿನ ಮೆಟ್ಟಿಲು ಇಳಿಯುವುದೂ ಕಷ್ಟ. ಸಮಾಧಾನದ ಸಂಗತಿಯೆಂದರೆ ಈ ಸ್ನಾಯುಗಳು ಬೇಗ ಪಾಠ ಕಲಿಯುತ್ತವೆ. ಒಮ್ಮೆ ಹದವಾಗಿ ಇಳಿಜಾರು ಓಡಿ ಚೇತರಿಸಿಕೊಂಡರೆ, ಮುಂದಿನ ಕೆಲವು ವಾರ ಅದೇ ಹೊರೆಗೆ ಅಷ್ಟು ಪೆಟ್ಟಾಗುವುದಿಲ್ಲ. ಹಾಗಾಗಿ ಸ್ಪರ್ಧೆಗೆ ಆರು ವಾರ ಇರುವಾಗ ಮಂದ ಇಳಿಜಾರಿನಲ್ಲಿ 200 ಮೀಟರ್‌ನಂತೆ ನಾಲ್ಕು ಸಲ, ಆಮೇಲೆ ಹತ್ತು ದಿನಕ್ಕೊಮ್ಮೆ ಸ್ವಲ್ಪ ಹೆಚ್ಚಿಸುತ್ತಾ ಹೋಗಿ. ಕೊನೆಯ ಜೋರಿನ ಇಳಿಜಾರು ಓಟ ಸ್ಪರ್ಧೆಗೆ ಹತ್ತು ಹದಿನಾಲ್ಕು ದಿನ ಮೊದಲೇ ಮುಗಿದಿರಲಿ. ಉದ್ದ ಹೆಜ್ಜೆ ಹಾಕಿ ಹಿಮ್ಮಡಿಯಲ್ಲಿ ಬ್ರೇಕ್ ಹಾಕುವುದು ಮಂಡಿಗೆ ಕೆಟ್ಟದ್ದು. ಚಿಕ್ಕ, ಬೇಗಬೇಗನೆಯ ಹೆಜ್ಜೆ, ಮಂಡಿ ಸ್ವಲ್ಪ ಮಡಿಚಿರಲಿ. ಮಂಡಿನೋವು ಈಗಾಗಲೇ ಇದ್ದವರು ಇದನ್ನು ಫಿಸಿಯೋಥೆರಪಿಸ್ಟ್ ನೋಡದೆ ಶುರು ಮಾಡಬೇಡಿ. ಮನೆಯಲ್ಲಿ ಒಂಟಿ ಕಾಲಿನಲ್ಲಿ ಮೆಟ್ಟಿಲಿಂದ ಮೆಲ್ಲಗೆ ಕೆಳಗಿಳಿಯುವ ವ್ಯಾಯಾಮ, ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮ ವಾರಕ್ಕೆರಡು ಸಲ ಮಾಡಿದರೆ ತೊಡೆ, ಮೀನಖಂಡ ಎರಡೂ ಗಟ್ಟಿಯಾಗುತ್ತವೆ.

ಈಜಿನ ಬಗ್ಗೆ ಕಡಿಮೆ ಹೇಳುತ್ತೇನೆ, ಗುಡ್ಡ ಅದನ್ನು ಬದಲಿಸುವುದಿಲ್ಲ. ತೆರೆದ ನೀರಿನಲ್ಲಿ ಆರೆಂಟು ಬೀಸಿಗೊಮ್ಮೆ ತಲೆ ಎತ್ತಿ ಗುರಿ ನೋಡುವ ರೂಢಿ ಮಾಡಿಕೊಳ್ಳಿ, ಮೊದಲ ನೂರು ಮೀಟರ್ ಬೇಕೆಂದೇ ನಿಧಾನವಾಗಿರಿ. ಉಸಿರು ಕಟ್ಟಿದಂತಾದರೆ ಅಂಗಾತ ತೇಲಿ ಕೈ ಎತ್ತಿ, ರಕ್ಷಕರು ಅದಕ್ಕೆಂದೇ ಇರುತ್ತಾರೆ. ಕೊನೆಯ ಐವತ್ತು ಮೀಟರ್‌ನಲ್ಲಿ ಕಾಲು ಸ್ವಲ್ಪ ಜೋರಾಗಿ ಬಡಿಯುವುದರಿಂದ ಕಾಲುಗಳು ಎಚ್ಚರಗೊಳ್ಳುತ್ತವೆ. ಮಲಗಿದ ಭಂಗಿಯಿಂದ ದಿಢೀರನೆ ಎದ್ದು ನಿಂತಾಗ ತಲೆ ತಿರುಗುವುದು ಸಾಮಾನ್ಯ, ನಾಲ್ಕು ಹೆಜ್ಜೆ ನಡೆದು ಓಡಿ.

ಟ್ರಾನ್ಸಿಷನ್‌ನಲ್ಲಿ ಸೈಕಲ್ ನಿಲ್ಲಿಸುವ ಮುನ್ನ ಅದನ್ನು ಹಗುರ ಗೇರ್‌ಗೆ ಹಾಕಿಡಿ. ಹೊರಬಿದ್ದ ಕೂಡಲೇ ಏರು ಇರುವ ದಾರಿಯಲ್ಲಿ ಭಾರದ ಗೇರ್‌ನಲ್ಲಿ ಸೈಕಲ್ ಹತ್ತಲು ಹೋಗಿ ವಾಲಿ ಬೀಳುವವರನ್ನು ಪ್ರತಿ ಸ್ಪರ್ಧೆಯಲ್ಲೂ ನೋಡುತ್ತೇನೆ. ಹೆಲ್ಮೆಟ್ ಪಟ್ಟಿ ಬಿಗಿದ ಮೇಲೆಯೇ ಸೈಕಲ್ ಮುಟ್ಟಬೇಕು, ಇದು ನಿಯಮ. ಸೈಕಲ್ ಏರುವ ಗೆರೆಯ ಆಚೆ ತುಸು ಮುಂದೆ, ಬದಿಗೆ ಸರಿದು ಹತ್ತಿದರೆ ಹಿಂದಿನವರಿಗೂ ದಾರಿ ಸಿಗುತ್ತದೆ. ನೀರು ಕುಡಿಯಲು ಏರಿನ ಮಧ್ಯ ಬಾಟಲಿಗೆ ಕೈ ಹಾಕಬೇಡಿ, ನೆತ್ತಿ ದಾಟಿ ಉಸಿರು ಹದಕ್ಕೆ ಬಂದ ನೇರ ರಸ್ತೆಯಲ್ಲಿ ಕುಡಿಯಿರಿ. ಒಂದೂವರೆ ಗಂಟೆಯ ಸ್ಪರ್ಧೆಗೆ ತಾಸಿಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಸಾಕು, ತರಬೇತಿಯಲ್ಲಿ ಹೊಟ್ಟೆಗೆ ಒಗ್ಗಿದ್ದನ್ನೇ ತೆಗೆದುಕೊಳ್ಳಿ.

ಕೊನೆಯ ಹತ್ತು ದಿನ ಅಭ್ಯಾಸದ ಪ್ರಮಾಣವನ್ನು ಅರ್ಧಕ್ಕೆ ಇಳಿಸಿ, ಬಿರುಸನ್ನು ಇಳಿಸಬೇಡಿ. ದಿಬ್ಬದ ಅಭ್ಯಾಸ ಆರು ಸಲದ ಬದಲು ಮೂರು ಸಲ, ಅಷ್ಟೇ ಒತ್ತಡದಲ್ಲಿ. ಬ್ರೇಕ್ ಪ್ಯಾಡ್ ಸವೆದಿದ್ದರೆ ಈ ದಿನಗಳಲ್ಲೇ ಬದಲಿಸಿ, ಹೊಸ ಪ್ಯಾಡ್ ಮೇಲೆ ಒಂದು ಸವಾರಿ ಮಾಡಿಯೇ ಸ್ಪರ್ಧೆಗೆ ಹೋಗಿ.

ಸೈಕಲ್ ಇಳಿಜಾರಿನಲ್ಲಿ ಕೈಗಳು ಹ್ಯಾಂಡಲ್‌ನ ಕೆಳಬಾಗಿನಲ್ಲಿರಲಿ, ಬೆರಳು ಬ್ರೇಕ್ ಮೇಲೆ. ತಿರುವಿರುವ ಕಡೆ ಏರೋಬಾರ್ (ಹ್ಯಾಂಡಲ್‌ನಿಂದ ಮುಂದಕ್ಕೆ ಚಾಚಿದ ಸರಳುಗಳು) ಮೇಲೆ ಮೊಣಕೈ ಊರುವುದನ್ನು ನಾನು ಯಾರಿಗೂ ಒಪ್ಪುವುದಿಲ್ಲ, ಅಲ್ಲಿಂದ ಬ್ರೇಕ್‌ಗೆ ಕೈ ಬರುವಷ್ಟರಲ್ಲಿ ತಿರುವೇ ಬಂದಿರುತ್ತದೆ. ತಿರುವಿಗೆ ಮುನ್ನ, ಸೈಕಲ್ ನೆಟ್ಟಗಿರುವಾಗಲೇ ಎರಡೂ ಬ್ರೇಕ್ ಹಿಡಿದು ವೇಗ ತಗ್ಗಿಸಿ. ವಾಲಿದ ಮೇಲೆ ಮುಂದಿನ ಬ್ರೇಕ್ ಗಕ್ಕನೆ ಹಿಡಿದರೆ ಚಕ್ರ ಜಾರುತ್ತದೆ. ಹೊರಬದಿಯ ಪೆಡಲ್ ಕೆಳಗೆ, ಮೈಭಾರ ಅದರ ಮೇಲೆ, ಕಣ್ಣು ತಿರುವಿನ ಆಚೆ. ನೀರಿನಿಂದ ಎದ್ದು ಒದ್ದೆ ಮೈಯಲ್ಲಿ ಇಳಿಯುವಾಗ ಚಳಿಗೆ ಬೆರಳು ಮರಗಟ್ಟಿ ಬ್ರೇಕ್ ಹಿಡಿತ ಸಡಿಲವಾಗುವುದುಂಟು. ತಂಪು ಜಾಗವಾದರೆ ಟ್ರಾನ್ಸಿಷನ್‌ನಲ್ಲಿ ತೆಳು ಗ್ಲೌಸ್ ಹಾಕಿಕೊಳ್ಳಲು ಹತ್ತು ಸೆಕೆಂಡು ಕೊಡಿ.

ಸ್ಪರ್ಧೆಯ ಬೆಳಿಗ್ಗೆ ಮಳೆಯಿದ್ದರೆ ಟೈರ್‌ನ ಗಾಳಿ ಸ್ವಲ್ಪ ಇಳಿಸಿ, ರಿಮ್ ಬ್ರೇಕ್ (ಚಕ್ರದ ಅಂಚನ್ನೇ ಒತ್ತಿ ಹಿಡಿಯುವ ಬ್ರೇಕ್) ಇರುವವರು ಎಂದಿಗಿಂತ ಬೇಗ ಬ್ರೇಕ್ ಹಿಡಿಯಲು ಶುರು ಮಾಡಿ, ರಸ್ತೆಯ ಬಿಳಿ ಗೆರೆ ಮತ್ತು ಮ್ಯಾನ್‌ಹೋಲ್ ಮುಚ್ಚಳಗಳ ಮೇಲೆ ವಾಲಬೇಡಿ. ಅಂದು ಇಳಿಜಾರಿನಲ್ಲಿ ಒಂದು ನಿಮಿಷ ಹೋದರೆ ಹೋಗಲಿ. ನೀವು ಅಭ್ಯಾಸ ಮಾಡಿರುವ ನೆತ್ತಿಗಳು ಆ ದಾರಿಯಲ್ಲಿ ಇದ್ದೇ ಇವೆ, ಆ ನಿಮಿಷವನ್ನು ಅಲ್ಲಿ ಗಳಿಸಿ.