ಪುಟಾಣಿ ಯಂತ್ರಗಳ ಭಯ ಹುಟ್ಟಿದ್ದು ಎಲ್ಲಿ?

ಮಂಡ್ಯದ ಗೊಬ್ಬರದ ಅಂಗಡಿಗಳಲ್ಲಿ ನ್ಯಾನೋ ಯೂರಿಯಾ ಈಗ ಹೊಸದೇನಲ್ಲ. ಅರ್ಧ ಲೀಟರ್ ಬಾಟಲಿ ಒಂದು ಮೂಟೆಗೆ ಸಮ ಅನ್ನುತ್ತಾರೆ. (ಇಳುವರಿ ಬಗ್ಗೆ ವಿಜ್ಞಾನಿಗಳಲ್ಲೇ ತಕರಾರಿದೆ, ಅದು ಬೇರೆ ಕಥೆ.) ಸಿನಿಮಾ ನೋಡಿ ಬೆಳೆದ ಹುಡುಗರನ್ನು ಕೇಳಿದರೆ ಮಾತ್ರ ನ್ಯಾನೋ ಅಂದರೆ ರಕ್ತದಲ್ಲಿ ಈಜುವ ರೋಬೋ. ಇಲ್ಲವೇ ಕೈತಪ್ಪಿ ಹೋಗಿ, ಕಬ್ಬಿನ ಗದ್ದೆಯನ್ನೆಲ್ಲ ತಿಂದು ತನ್ನಂಥವನ್ನೇ ಇನ್ನಷ್ಟು ಹುಟ್ಟಿಸುವ ಹಿಂಡು.

ಈ ಕಲ್ಪನೆಗೆ ವಯಸ್ಸಾಗಿದೆ. ಯಂತ್ರದ ಚಿಕ್ಕ ಕೈ ಇನ್ನೂ ಚಿಕ್ಕ ಕೈಯನ್ನು ಮಾಡುತ್ತಾ ಹೋಗುವ ಐಡಿಯಾ 1942ರಲ್ಲೇ ಅಮೆರಿಕದ ವಿಜ್ಞಾನ ಕಥೆಗಾರ ರಾಬರ್ಟ್ ಹೈನ್‌ಲೈನ್ ಕಥೆಯಲ್ಲಿ ಬಂದಿತ್ತು. ವಿಜ್ಞಾನಿಗಳ ಸಭೆಗೆ ಅದು ಬಂದದ್ದು 1959ರ ಡಿಸೆಂಬರ್ 29ರಂದು, ಅಮೆರಿಕದ ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರಜ್ಞ ರಿಚರ್ಡ್ ಫೈನ್‌ಮನ್ ಮಾಡಿದ ಭಾಷಣದಲ್ಲಿ. ಪರಮಾಣುಗಳನ್ನು ಒಂದೊಂದಾಗಿ ಜೋಡಿಸಿ ಬೇಕಾದ್ದನ್ನು ಕಟ್ಟಬಹುದಲ್ವಾ ಎಂದರು. ಪುಟಾಣಿ ಯಂತ್ರವಾದ ಸರ್ಜನ್ನನ್ನೇ ನುಂಗಿಬಿಟ್ಟರೆ ಹೇಗೆ ಎಂಬ ಸ್ನೇಹಿತನ ತಮಾಷೆಯನ್ನೂ ಹೇಳಿದರು. ಕಥೆಗಾರರಿಗೆ ಇನ್ನೇನು ಬೇಕು?

ಇಂಚಿನ 64ನೇ ಒಂದು ಭಾಗದಷ್ಟು ಉದ್ದಗಲದ ಮೋಟಾರ್ ಮಾಡಿದವರಿಗೆ 1,000 ಡಾಲರ್ ಬಹುಮಾನವನ್ನೂ ಅವರು ಘೋಷಿಸಿದರು. ಮುಂದಿನ ವರ್ಷವೇ ವಿಲಿಯಂ ಮೆಕ್‌ಲೆಲನ್ ಎಂಬ ಎಂಜಿನಿಯರ್ ದೊಡ್ಡ ಪೆಟ್ಟಿಗೆ ಹೊತ್ತು ಬಂದ. ಇನ್ನೊಬ್ಬ ಹುಚ್ಚ ಬಂದ ಅಂದುಕೊಂಡ ಫೈನ್‌ಮನ್, ಪೆಟ್ಟಿಗೆಯಿಂದ ಮೈಕ್ರೋಸ್ಕೋಪ್ ಹೊರಬಂದಾಗ ಸುಮ್ಮನಾದರು. ಮೋಟಾರ್ ತೂಕ 250 ಮೈಕ್ರೋಗ್ರಾಂ. ಮಾಡಿದ್ದು ಗಡಿಯಾರ ರಿಪೇರಿಯವರ ಸಲಕರಣೆ, ಚೂಪು ಮಾಡಿದ ಹಲ್ಲುಕಡ್ಡಿಯಿಂದ! ಹೊಸ ತಂತ್ರ ಹುಟ್ಟಲಿ ಎಂದು ಕಾದಿದ್ದ ಫೈನ್‌ಮನ್‌ಗೆ ನಿರಾಸೆಯಾಯಿತು. ದುಡ್ಡು ಮಾತ್ರ ಕೊಟ್ಟರು.

1966ರಲ್ಲಿ ಹಾಲಿವುಡ್ ಒಂದು ಜಲಾಂತರ್ಗಾಮಿಯನ್ನೇ ಕುಗ್ಗಿಸಿ ರೋಗಿಯ ರಕ್ತನಾಳಕ್ಕೆ ಬಿಟ್ಟಿತು. ನಿಜವಾದ ಭಯ ಶುರುವಾದದ್ದು 1986ರಲ್ಲಿ. ತನ್ನನ್ನೇ ನಕಲು ಮಾಡಿಕೊಳ್ಳುವ ಯಂತ್ರ ಕೈಮೀರಿದರೆ ಭೂಮಿಯೆಲ್ಲ ಬೂದು ಲೋಳೆಯಾದೀತು ಎಂದು ಅಮೆರಿಕದ ಎಂಜಿನಿಯರ್ ಎರಿಕ್ ಡ್ರೆಕ್ಸ್ಲರ್ ತಮ್ಮ ಪುಸ್ತಕದಲ್ಲಿ ಎಚ್ಚರಿಸಿದರು. ಆಮೇಲೆ ಬಂದ ಎಷ್ಟೋ ಕಾದಂಬರಿಗಳು ಈ ಲೋಳೆಯ ಮೇಲೇ ಬದುಕಿವೆ.

ನನ್ನ ಪ್ರಕಾರ ಇವರೆಲ್ಲರ ಕಲ್ಪನೆಯಲ್ಲಿ ಒಂದು ಎಡವಟ್ಟಿದೆ. ದೊಡ್ಡ ಯಂತ್ರವನ್ನು ಹಾಗೇ ಚಿಕ್ಕದು ಮಾಡಿದರೆ ಹಾಗೇ ಓಡುತ್ತದೆ ಎಂಬ ನಂಬಿಕೆ. ಮಂಡ್ಯದ ಸಕ್ಕರೆ ಕಾರ್ಖಾನೆಯನ್ನು ಬ್ಯಾಕ್ಟೀರಿಯಾ ಗಾತ್ರಕ್ಕೆ ಕುಗ್ಗಿಸಿದರೆ ಗಾಲಿಗಳು ಹಾಗೇ ತಿರುಗುತ್ತವಾ? ಆ ಗಾತ್ರದಲ್ಲಿ ನೀರು ನೀರಿನಂತಿರುವುದಿಲ್ಲ, ಪಾಕದಂತಿರುತ್ತದೆ. ಆಲೆಮನೆಯ ಕೊಪ್ಪರಿಗೆಯಲ್ಲಿ ಪಾಕ ಗಟ್ಟಿಯಾಗುವ ಹೊತ್ತಿಗೆ ಕೈಯಾಡಿಸಿದವರಿಗೆ ಅದು ಗೊತ್ತು: ಕೈ ನಿಂತರೆ ಪಾಕವೂ ಅಲ್ಲೇ ನಿಲ್ಲುತ್ತದೆ. ಭೌತಶಾಸ್ತ್ರಜ್ಞ ಎಡ್ವರ್ಡ್ ಪರ್ಸೆಲ್ 1977ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಈಜುವ ಬ್ಯಾಕ್ಟೀರಿಯಾ ಈಜು ನಿಲ್ಲಿಸಿದರೆ ಒಂದು ಪರಮಾಣುವಿನ ಅಗಲದಷ್ಟೂ ಮುಂದೆ ಜಾರುವುದಿಲ್ಲ. ಜತೆಗೆ ಸುತ್ತಲಿನ ನೀರಿನ ಅಣುಗಳು ಎಡೆಬಿಡದೆ ಗುದ್ದುತ್ತಿರುತ್ತವೆ. ಹಲ್ಲಿನ ಗಾಲಿ, ಸ್ಟೀರಿಂಗ್ ಎಲ್ಲಾ ಅಲ್ಲಿ ನಡೆಯುವ ಮಾತಲ್ಲ.

ಕಾರ್ಬನ್ ಚೆಂಡಿನಾಕಾರದ ಅಣು ಕಂಡುಹಿಡಿದು ನೊಬೆಲ್ ಪಡೆದ ರಿಚರ್ಡ್ ಸ್ಮಾಲಿ ಇನ್ನೊಂದು ತಕರಾರು ತೆಗೆದರು. ಪರಮಾಣು ಹಿಡಿಯುವ ಬೆರಳೂ ಪರಮಾಣುಗಳಿಂದಲೇ ಆಗಬೇಕು, ಹಾಗಾಗಿ ಅದು ದಪ್ಪ, ಮೇಲಾಗಿ ಅಂಟು. ಹಿಡಿದದ್ದು ಬಿಡುವುದೇ ಇಲ್ಲ. ಡ್ರೆಕ್ಸ್ಲರ್ ಒಪ್ಪಲಿಲ್ಲ. 2003ರಲ್ಲಿ ಇಬ್ಬರೂ ಬಹಿರಂಗ ಪತ್ರಗಳಲ್ಲೇ ಜಗಳವಾಡಿದರು. ಆದರೆ ಮರುವರ್ಷ ಡ್ರೆಕ್ಸ್ಲರ್ ಕೂಡ, ತನ್ನನ್ನೇ ನಕಲು ಮಾಡಿಕೊಳ್ಳುವ ಯಂತ್ರದ ಅಗತ್ಯವೇ ಇಲ್ಲ ಎಂದು ಬರೆದರು. ಕಾದಂಬರಿಕಾರರಿಗೆ ಈ ಸುದ್ದಿ ತಲುಪಿದಂತಿಲ್ಲ.

ನಿಜವಾದ ಪುಟಾಣಿ ಯಂತ್ರ ಮಾಡಿದವರು ರಸಾಯನಶಾಸ್ತ್ರಜ್ಞರು. ಅದಕ್ಕೇ 2016ರ ರಸಾಯನಶಾಸ್ತ್ರ ನೊಬೆಲ್ ಅಣುಯಂತ್ರಗಳಿಗೆ ಸಿಕ್ಕಿತು. ಮೂವರು ವಿಜೇತರಲ್ಲಿ ಒಬ್ಬರಾದ ಬೆನ್ ಫೆರಿಂಗಾ ಅವರ ತಂಡ 2011ರಲ್ಲಿ ನಾಲ್ಕು ಚಕ್ರದ ಅಣು ಕಾರನ್ನು ತಾಮ್ರದ ಮೇಲೆ ಓಡಿಸಿ ತೋರಿಸಿತ್ತು. ಓಡಿದ್ದು ಕೆಲವೇ ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದರೆ ಮೀಟರ್‌ನ ನೂರು ಕೋಟಿ ಪಾಲಿನಲ್ಲಿ ಒಂದು). ಅದೂ ಹೊರಗಿನಿಂದ ಸೂಜಿಮೊನೆಯಲ್ಲಿ ಮತ್ತೆ ಮತ್ತೆ ಕರೆಂಟ್ ಕೊಟ್ಟ ಮೇಲೆ.