ಕೈಯಲ್ಲಿ ಕಟ್ಟಿದ ಕಾರಿಗೆ ಕೋಟಿ ಯಾಕೆ?

ಶಿರಸಿಯ ದೇವಿಕೆರೆ ಹತ್ತಿರದ ಬಡಿಗರ ಅಂಗಡಿಯೊಂದರಲ್ಲಿ ಮೊನ್ನೆ ಅರ್ಧ ದಿನ ಕೂತಿದ್ದೆ. ಕಪಾಟಿನ ಎರಡು ಬಾಗಿಲಿಗೆ ಒಂದೇ ಬೀಟೆ ತುಂಡನ್ನು ಸೀಳಿ, ಪುಸ್ತಕ ಬಿಡಿಸಿದಂತೆ ಎದುರುಬದುರು ಇಡಬೇಕಿತ್ತು. ಎಡಗಡೆಯ ಗೆರೆ ಬಲಗಡೆಯ ಗೆರೆಗೆ ಕೂಡಬೇಕು. ಆಚಾರಿ ಹಲಗೆಯನ್ನು ಒಂದು ನೂಲಿನಷ್ಟು ಸರಿಸುವುದು, ದೂರ ನಿಂತು ನೋಡುವುದು, ಮತ್ತೆ ಸರಿಸುವುದು. ಊಟದ ಹೊತ್ತಾದರೂ ಕೀಸುಳಿ ಮುಟ್ಟಿರಲಿಲ್ಲ. ‘ಪ್ಲೈವುಡ್ ಆಗಿದ್ರೆ ಇಷ್ಟೊತ್ತಿಗೆ ಒಂದು ಕಪಾಟೇ ಎದ್ದು ನಿಲ್ತಿತ್ತು’ ಅಂದರು.

ರೋಲ್ಸ್ ರಾಯ್ಸ್ ಕಾರಿನೊಳಗಿನ ಮರಕ್ಕೂ ಇದೇ ಕಸರತ್ತು. ಒಂದು ಕಾರಿನ ತೆಳು ಪದರಗಳನ್ನೆಲ್ಲ ಒಂದೇ ಮರದಿಂದ ತೆಗೆಯುತ್ತಾರೆ. ವರ್ಷ ಕಳೆದು ಬಣ್ಣ ತಿರುಗಿದರೂ ಎಲ್ಲ ಕಡೆ ಒಂದೇ ಥರ ತಿರುಗಲಿ ಅಂತ. ಬದಿಯುದ್ದಕ್ಕೂ ಓಡುವ ಸಪೂರ ಗೆರೆಯನ್ನು ಅಳಿಲಿನ ಕೂದಲ ಕುಂಚದಿಂದ ಕೈಯಲ್ಲೇ ಎಳೆಯುತ್ತಾರೆ.

ಹಾಗೆ ನೋಡಿದರೆ ಒಂದು ಕಾಲಕ್ಕೆ ಎಲ್ಲ ಕಾರೂ ಕೈಯದ್ದೇ. 1904ರಲ್ಲಿ ಮ್ಯಾಂಚೆಸ್ಟರಿನಲ್ಲಿ ಚಾರ್ಲ್ಸ್ ರೋಲ್ಸ್ ಮತ್ತು ಹೆನ್ರಿ ರಾಯ್ಸ್ ಭೇಟಿಯಾದಾಗ ಅದು ಶೋಕಿ ಆಗಿರಲಿಲ್ಲ, ಬೇರೆ ದಾರಿಯೇ ಇರಲಿಲ್ಲ. ಮುಂದೆ ಹಲವು ದಶಕ ಅವರ ಕಂಪನಿ ಮಾರುತ್ತಿದ್ದದ್ದು ಎಂಜಿನ್ ಕೂರಿಸಿದ ಚಾಸಿ ಮಾತ್ರ. ಮೈ ಕಟ್ಟಿಸಲು ಗಿರಾಕಿ ಬಾರ್ಕರ್, ಹೂಪರ್‌ನಂಥ ಸಾರೋಟು ಕಟ್ಟುವ ಮನೆತನಗಳ ಬಾಗಿಲು ತಟ್ಟಬೇಕಿತ್ತು. ನಮ್ಮಲ್ಲಿ ಲಾರಿ ಚಾಸಿ ತಂದು ಬಾಡಿ ಕಟ್ಟಿಸುತ್ತಾರಲ್ಲ, ಹೆಚ್ಚುಕಮ್ಮಿ ಹಾಗೆ.

ಲೆಕ್ಕ ತಿರುಗಿದ್ದು 1913ರಲ್ಲಿ. ಹೆನ್ರಿ ಫೋರ್ಡ್ ಚಲಿಸುವ ಜೋಡಣಾ ಸಾಲು ತಂದ. ಮಾಡೆಲ್ ಟಿ ಚಾಸಿ ಜೋಡಿಸಲು ಹಿಡಿಯುತ್ತಿದ್ದ ಹನ್ನೆರಡೂವರೆ ತಾಸು ಮರುವರ್ಷಕ್ಕೆ 93 ನಿಮಿಷಕ್ಕೆ ಇಳಿಯಿತು. 1908ರಲ್ಲಿ 850 ಡಾಲರ್ ಇದ್ದ ಕಾರು 1920ರ ದಶಕದಲ್ಲಿ 300ಕ್ಕಿಂತ ಕೆಳಗೆ ಬಂತು. ಅತ್ತ ಕುಂಚ ಹಿಡಿದವನಿಗೆ ಗೆರೆ ಎಳೆಯಲು ಮೊದಲಿನಷ್ಟೇ ಹೊತ್ತು ಬೇಕು. ಆದರೆ ಅವನ ಕೂಲಿ ನಿಂತಲ್ಲೇ ನಿಲ್ಲಲಿಲ್ಲ. ಪಕ್ಕದ ಕಾರ್ಖಾನೆಯ ಸಂಬಳ ಏರಿದ ಹಾಗೆ ಅವನದ್ದೂ ಏರಬೇಕು, ಇಲ್ಲದಿದ್ದರೆ ಕುಂಚ ಬಿಟ್ಟು ಅಲ್ಲಿಗೆ ಹೋಗುತ್ತಾನೆ. ಕೈಕೆಲಸ ದುಬಾರಿಯಾದದ್ದು ಹೀಗೆ, ಯಂತ್ರದ ಕೆಲಸ ಅಗ್ಗವಾಗುತ್ತ ಹೋದ್ದರಿಂದ.

ಆದರೆ ಬರೀ ಕೂಲಿಯ ಮೇಲೆ ಹಾಕಿದರೆ ಲೆಕ್ಕ ಕೂಡುವುದಿಲ್ಲ. ಇಂಗ್ಲೆಂಡಿನ ಮಾಲ್ವರ್ನ್‌ನಲ್ಲಿ ಮಾರ್ಗನ್ ಕಂಪನಿ ಇವತ್ತಿಗೂ ಆಶ್ ಮರದ ಚೌಕಟ್ಟಿನ ಮೇಲೆ ಕೈಯಲ್ಲೇ ಕಾರು ಕಟ್ಟುತ್ತದೆ; ಬೆಲೆ ರೋಲ್ಸ್ ರಾಯ್ಸ್ ಫ್ಯಾಂಟಮಿನ ಕಾಲು ಭಾಗಕ್ಕೂ ಕಡಿಮೆ. ಉಳಿದದ್ದು ಎಲ್ಲಿ ಹೋಗುತ್ತದೆ? ಒಂದಿಷ್ಟು ವಿನ್ಯಾಸ, ಅಚ್ಚು, ಡಿಕ್ಕಿ ಪರೀಕ್ಷೆಗೆ. ಈ ಖರ್ಚು ಒಂದು ಕಾರು ಮಾರಿದರೂ ಅಷ್ಟೇ, ಲಕ್ಷ ಮಾರಿದರೂ ಅಷ್ಟೇ. 2023ರಲ್ಲಿ ರೋಲ್ಸ್ ರಾಯ್ಸ್ ಜಗತ್ತಿಗೆಲ್ಲ ಮಾರಿದ್ದು 6,032 ಕಾರು. ಅಷ್ಟರ ತಲೆ ಮೇಲೇ ಎಲ್ಲ ಹಂಚಬೇಕು. ಮತ್ತೊಂದಿಷ್ಟು ಗಿರಾಕಿಯ ಹಟಕ್ಕೆ: ತನ್ನ ನಾಯಿಯ ಮೈಬಣ್ಣವೇ ಕಾರಿಗೂ ಬೇಕೆಂದರೆ ಅದನ್ನು ಬೆರೆಸಿ ಕೊಡಬೇಕು. ಮಿಕ್ಕಿದ್ದು ಹೆಸರಿಗೆ. ಮುಚ್ಚುಮರೆ ಯಾಕೆ, ಈ ಕೊನೆಯದ್ದೇ ದೊಡ್ಡ ಪಾಲು ಅಂತ ನನ್ನ ಗುಮಾನಿ.

ಇಲ್ಲಿಗೆ ಬರುವಷ್ಟರಲ್ಲಿ ತೆರಿಗೆ ಬೇರೆ. ಪೂರ್ತಿ ಕಟ್ಟಿದ ದುಬಾರಿ ಕಾರಿಗೆ ಬಹಳ ಕಾಲ ಆಮದು ಸುಂಕವೇ ಕಾರಿನ ಬೆಲೆಯಷ್ಟಿತ್ತು. ಮೇಲೆ ಜಿಎಸ್‌ಟಿ, ಅದರ ಮೇಲೆ ಕರ್ನಾಟಕದ ಆಜೀವ ತೆರಿಗೆ. ಅಷ್ಟು ಕೊಟ್ಟು ತಂದದ್ದನ್ನು ದೇವಿಮನೆ ಘಟ್ಟ ಇಳಿಸಲು ಗಟ್ಟಿ ಎದೆಯೂ ಬೇಕು.

ಸಂಜೆ ಕಪಾಟಿನ ಯಜಮಾನರು ಬಂದರು. ಬೀಟೆಯ ದುಡ್ಡಿಗೆ ಚಕಾರ ಎತ್ತಲಿಲ್ಲ. ಕೂಲಿ ಕೇಳಿದ್ದೇ, ‘ಎರಡು ಬಾಗಿಲಿಗೆ ನಾಲ್ಕು ದಿನವಾ ಮಾರಾಯ?’ ಅಂದರು. ಆಚಾರಿ ಉತ್ತರ ಕೊಡದೆ ಎರಡೂ ಹಲಗೆಗಳನ್ನು ಬೆಳಕಿಗೆ ತಂದು ಜೋಡಿಸಿಟ್ಟರು. ಯಜಮಾನರು ಸಂದಿಯ ಮೇಲೆ ಉಗುರು ಆಡಿಸಿ ನೋಡಿದರು, ಆಮೇಲೆ ಐನೂರು ಕಡಿಮೆ ಮಾಡಿ ಅಂದರು.